ಪಾತ್ರೆಗೆ ವಾರಂಟಿ, ಪಾಸ್ತಾಗೆ ಉಪ್ಪಿಲ್ಲ

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆಯ ಮಂದಿ ಅಡುಗೆಮನೆಯ ವಿಷಯಕ್ಕೆ ಜಗಳಕ್ಕಿಳಿದರು. ಸ್ಟಾರ್‌ಬೋರ್ಡ್ ವ್ಯಾಲ್ಯೂ ಎಂಬ ಹೂಡಿಕೆ ಸಂಸ್ಥೆಯು ಡಾರ್ಡನ್ ರೆಸ್ಟೋರೆಂಟ್ಸ್ ಕಂಪನಿಯಲ್ಲಿ ಪಾಲು ಹೊಂದಿತ್ತು. ಆ ಕಂಪನಿಯ ಆಡಳಿತದ ವಿರುದ್ಧ ಅದು ಸುಮಾರು 300 ಪುಟಗಳ ದೂರುಪಟ್ಟಿ ಹೊರಡಿಸಿತು. ಡಾರ್ಡನ್ ಎಂದರೆ ಆಲಿವ್ ಗಾರ್ಡನ್ ಎಂಬ ಇಟಾಲಿಯನ್ ಹೋಟೆಲ್ ಸರಣಿಯ ಒಡೆಯ. ಎಂಟುನೂರಕ್ಕೂ ಹೆಚ್ಚು ಶಾಖೆಗಳ ಈ ಸರಣಿ ಮಧ್ಯಮವರ್ಗದ ಅಮೆರಿಕನ್ನರಿಗೆ ಕೈಗೆಟಕುವ ಬೆಲೆಯಲ್ಲಿ ಊಟ ಹಾಕುವ ಜಾಗ. ಪಟ್ಟಿಯಲ್ಲಿ ಲಾಭ, ನಷ್ಟ, ಜಮೀನಿನ ಬೆಲೆ ಎಲ್ಲವೂ ಇದ್ದವು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಒಂದೇ ಸಂಗತಿ: ಪಾಸ್ತಾ ಬೇಯಿಸುವ ನೀರಿಗೆ ಅಲ್ಲಿ ಉಪ್ಪೇ ಹಾಕುತ್ತಿರಲಿಲ್ಲ.

ಗಿರಾಕಿಗಳ ರಕ್ತದೊತ್ತಡದ ಕಾಳಜಿಯಿಂದೇನೂ ಅಲ್ಲ. ಉಪ್ಪು ಹಾಕದಿದ್ದರೆ ಪಾತ್ರೆಗಳಿಗೆ ಹೆಚ್ಚಿನ ಅವಧಿಯ ವಾರಂಟಿ ಸಿಗುತ್ತಿತ್ತು, ಅದಕ್ಕೆ.

ಲೆಕ್ಕಕ್ಕೆ ತಳಬುಡ ಇಲ್ಲದಿಲ್ಲ. ತಣ್ಣೀರಿಗೆ ಸುರಿದ ಉಪ್ಪು ತಳದಲ್ಲಿ ಕೂತರೆ ಸ್ಟೀಲ್ ಪಾತ್ರೆಯ ಮೈಯಲ್ಲಿ ಸಣ್ಣಸಣ್ಣ ಕುಳಿ ಬೀಳುವುದು ನಿಜ. ಆದರೆ ಅಡುಗೆಯ ಲೆಕ್ಕ ಬೇರೆ. ಒಣ ಪಾಸ್ತಾ ಎಂದರೆ ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ, ಹಿಟ್ಟಿನಲ್ಲಿ ಉಪ್ಪಿರುವುದಿಲ್ಲ. ಬೇಯುವಾಗ ಅದು ಹೀರಿಕೊಳ್ಳುವ ನೀರಿನ ಜೊತೆಗೇ ಉಪ್ಪೂ ಒಳಗೆ ಹೋಗಬೇಕು. ನೂರು ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು ಎಂಬುದು ಇಟಲಿಯ ಮನೆಮನೆಯ ಅಳತೆ. ಎಸರಿಗೆ ಉಪ್ಪು ಮರೆತು, ಬಡಿಸಿದ ಮೇಲೆ ಉದುರಿಸಿದ ಉಪ್ಪಿಟ್ಟನ್ನು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಸ್ ಎಷ್ಟೇ ಖಾರವಾಗಿರಲಿ, ಒಳಗಿನದು ಸಪ್ಪೆಯೇ.

ಬಿಟ್ಟಿ ಬ್ರೆಡ್ಡಿನದ್ದು ಇನ್ನೊಂದು ತಕರಾರು. ಆಲಿವ್ ಗಾರ್ಡನ್‌ನಲ್ಲಿ ಕೂತ ಕೂಡಲೇ ಬೆಳ್ಳುಳ್ಳಿ ಸವರಿದ ಉದ್ದನೆಯ ಬ್ರೆಡ್‌ಸ್ಟಿಕ್ ಮತ್ತು ಸಲಾಡ್ ಬರುತ್ತವೆ, ಕೇಳಿದಷ್ಟು ಸಲ. ತಲೆಗೊಂದು, ಮೇಜಿಗೆ ಒಂದು ಹೆಚ್ಚುವರಿ ಎಂಬ ನಿಯಮ ಬಿಟ್ಟು ಮಾಣಿಗಳು ಒಮ್ಮೆಲೇ ರಾಶಿ ತಂದಿಡುತ್ತಾರೆ, ಏಳು ನಿಮಿಷ ಕಳೆದರೆ ಅದರ ರುಚಿ ಇಳಿಯುತ್ತದೆ, ಉಳಿದದ್ದೆಲ್ಲ ದಂಡ ಎಂದು ಸ್ಟಾರ್‌ಬೋರ್ಡ್ ಹೇಳಿತು. ಬ್ರೆಡ್‌ಸ್ಟಿಕ್ ಇಟಾಲಿಯನ್ ಔದಾರ್ಯದ ಗುರುತು ಎಂದು ಕಂಪನಿ ಸಮರ್ಥಿಸಿಕೊಂಡಿತು. ಆದರೆ ಈ ಔದಾರ್ಯ ಎಲ್ಲಿ ಧಾರಾಳ, ಎಲ್ಲಿ ಜಿಪುಣ ಎಂದು ಗಮನಿಸಬೇಕು. ಮೈದಾ ಅಗ್ಗ, ಆದ್ದರಿಂದ ಬ್ರೆಡ್ಡಿಗೆ ಮಿತಿಯಿಲ್ಲ. ಉಪ್ಪು ಅದಕ್ಕಿಂತಲೂ ಅಗ್ಗ, ಆದರೂ ಅದು ಪಾತ್ರೆಗೆ ಬೀಳಲಿಲ್ಲ.

ಅದೇ ತಿಂಗಳು ಕಂಪನಿ ಇನ್ನೊಂದು ತಮಾಷೆ ನಡೆಸಿತ್ತು. ನೂರು ಡಾಲರ್ ಕೊಟ್ಟು ಪಾಸ್ ಕೊಂಡರೆ ಏಳು ವಾರ ಎಷ್ಟು ಬೇಕಾದರೂ ಪಾಸ್ತಾ. ಒಂದು ಸಾವಿರ ಪಾಸ್‌ಗಳು ಒಂದು ಗಂಟೆಯೊಳಗೆ ಖಾಲಿಯಾದವು. ಪಾಸ್ತಾ ಸಪ್ಪೆಯಾದರೂ ಗಿರಾಕಿಗಳು ಓಡಿಹೋಗಿರಲಿಲ್ಲ. ಅಕ್ಟೋಬರ್‌ನಲ್ಲಿ ಷೇರುದಾರರು ಡಾರ್ಡನ್‌ನ ಹನ್ನೆರಡೂ ನಿರ್ದೇಶಕರನ್ನು ಮನೆಗೆ ಕಳಿಸಿದರು. ಹೊಸ ಆಡಳಿತ ಬಂದ ಮೇಲೆ ನೀರಿಗೆ ಮತ್ತೆ ಉಪ್ಪು ಬಿತ್ತು.

ಈ ಕಥೆಯಲ್ಲಿ ನಿಜವಾಗಿ ಕಾಡುವುದು ಬೇರೆಯೇ. ಇಟಲಿಯ ಅಡುಗೆ ಅಗ್ಗವಾಗುವುದಕ್ಕೆ ಕಷ್ಟಪಡಬೇಕಾದ ಅಡುಗೆಯೇ ಅಲ್ಲ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ ಸೇರಿಸಿ ಕಲಸಿದ ಸ್ಪಗೆಟಿ ಇಂದಿಗೂ ಅಲ್ಲಿ ತಡರಾತ್ರಿಯ ಹಸಿವಿಗೆ ಮಾಡಿಕೊಳ್ಳುವ ಊಟ. ತುರಿದ ಚೀಸ್ ಕೊಳ್ಳಲಾಗದ ದಕ್ಷಿಣದ ಮನೆಗಳಲ್ಲಿ ಒಣ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಿದ್ದರು. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು, ಹೆಚ್ಚಿನವರು ಇಂಥ ಬಡ ದಕ್ಷಿಣದವರೇ. ಊರಲ್ಲಿ ಹಬ್ಬಕ್ಕೆ ಮಾತ್ರ ಸಿಗುತ್ತಿದ್ದ ಮಾಂಸ ಹೊಸ ನಾಡಿನಲ್ಲಿ ವಾರದ ದಿನಗಳಲ್ಲೂ ಕೈಗೆ ಸಿಕ್ಕಿತು. ಮಾಂಸದ ಉಂಡೆ ದಪ್ಪವಾಯಿತು, ಸಾಸ್ ಹೆಚ್ಚಾಯಿತು, ತಟ್ಟೆ ಅಗಲವಾಯಿತು. ಇಟಲಿಯಲ್ಲಿ ಎಂಬತ್ತು, ನೂರು ಗ್ರಾಂ ಪಾಸ್ತಾ ಊಟದ ಮೊದಲ ಸುತ್ತು. ಅಮೆರಿಕದಲ್ಲಿ ಅದೇ ಇಡೀ ಊಟ, ಮೇಲೊಂದು ಕೋಳಿ ತುಂಡು. ಹಸಿದು ಬಂದವರು ಹೊಟ್ಟೆ ತುಂಬ ಬಡಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ. ಪ್ರಮಾಣವೇ ಮಾರಾಟದ ಸರಕಾದದ್ದು ಆಮೇಲೆ.

ಆಲ್ಫ್ರೆಡೊ ಪಾಸ್ತಾ ಇದಕ್ಕೆ ಒಳ್ಳೆಯ ಉದಾಹರಣೆ. ರೋಮ್‌ನ ಹೋಟೆಲಿಗ ಆಲ್ಫ್ರೆಡೊ ದಿ ಲೆಲಿಯೊ ಹೆಸರಾದದ್ದು ಬೆಣ್ಣೆ ಮತ್ತು ಪಾರ್ಮಿಜಾನೊ ಚೀಸ್ ಎರಡನ್ನೇ ಹಾಕಿ ಕಲಸಿದ ಅಗಲ ಎಳೆಯ ಪಾಸ್ತಾದಿಂದ. ಕ್ರೀಮ್ ಇಲ್ಲ. 1920ರಲ್ಲಿ ಮಧುಚಂದ್ರಕ್ಕೆ ಬಂದ ಹಾಲಿವುಡ್ ತಾರೆಯರಾದ ಮೇರಿ ಪಿಕ್‌ಫೋರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಅದಕ್ಕೆ ಮನಸೋತರು. ಅವರು ಕೊಟ್ಟ ಚಿನ್ನದ ಫೋರ್ಕ್, ಚಮಚದ ಕಥೆ ಹೋಟೆಲಿನ ಜಾಹೀರಾತೇ ಆಯಿತು. ಬಿಸಿ ಪಾಸ್ತಾ, ಅದರ ಗಂಜಿಯಂಥ ನೀರು, ಬೆಣ್ಣೆ, ಚೀಸ್ ಕೂಡಿ ನೊರೆಯಾಗುವ ಆ ಹದ ಕೆಲವೇ ನಿಮಿಷ ನಿಲ್ಲುತ್ತದೆ. ಆಮೇಲೆ ಚೀಸ್ ಗಂಟು ಕಟ್ಟುತ್ತದೆ, ಬೆಣ್ಣೆ ಬೇರೆಯಾಗುತ್ತದೆ. ಗಂಟೆಗೆ ನೂರಾರು ತಟ್ಟೆ ಹೊರಡುವ ಅಡುಗೆಮನೆಗೆ ಇದು ಒಗ್ಗದು. ಕ್ರೀಮ್ ಹಾಕಿದರೆ ಸಾಸ್ ಬಿಸಿ ತೊಟ್ಟಿಯಲ್ಲಿ ಬಹಳ ಹೊತ್ತು ಒಡೆಯದೆ ಕೂರುತ್ತದೆ. ಅನುಕೂಲ ಅಡುಗೆಯವನಿಗೆ, ಮೇಜಿನಲ್ಲಿ ಹತ್ತು ನಿಮಿಷ ಮಾತಾಡುತ್ತ ಕೂತವನ ತಟ್ಟೆಯಲ್ಲಿ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ಒಂದು ಬಟ್ಟಲು ತುಂಬ ಬೇಸರ ಎಂದರೆ ಇದೇ.

ಹಾಗೆಂದು ಎಲ್ಲರೂ ಬೇಸರಪಡುವುದಿಲ್ಲ. ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಸಣ್ಣ ಊರಿನಲ್ಲಿ ಆಲಿವ್ ಗಾರ್ಡನ್ ಶಾಖೆ ತೆರೆದ ಮೇಲೆ, 2012ರ ಮಾರ್ಚ್‌ನಲ್ಲಿ, ಸ್ಥಳೀಯ ಪತ್ರಿಕೆಯ 85 ವರ್ಷದ ಅಂಕಣಗಾರ್ತಿ ಮರ್ಲಿನ್ ಹ್ಯಾಗರ್ಟಿ ಅದರ ಬಗ್ಗೆ ಗಂಭೀರವಾಗಿ ಬರೆದರು. ಜಾಗದ ಅಂದ, ಮಾಣಿಯ ಉಪಚಾರ, ಚಳಿಯ ದಿನ ಬೆಚ್ಚಗೆ ಬಂದ ಚಿಕನ್ ಆಲ್ಫ್ರೆಡೊ ಎಲ್ಲವನ್ನೂ ಮೆಚ್ಚಿಕೊಂಡರು. ಸರಣಿ ಹೋಟೆಲಿಗೆ ವಿಮರ್ಶೆಯೇ ಎಂದು ದೊಡ್ಡ ಊರುಗಳವರು ನಕ್ಕರು. ಮೊದಲು ಕೊಂಕಾಡಿದವರಲ್ಲಿ ಬಾಣಸಿಗ, ಲೇಖಕ ಆಂಥೊನಿ ಬೋರ್ಡೇನ್ ಕೂಡ ಒಬ್ಬರು. ಆಮೇಲೆ ಮನಸ್ಸು ಬದಲಿಸಿ, ಆಕೆಯನ್ನು ಭೇಟಿಯಾಗಿ, 2013ರಲ್ಲಿ ಆಕೆಯ ಅಂಕಣಗಳ ಪುಸ್ತಕವನ್ನು ತಾವೇ ಮುಂದೆ ನಿಂತು ಪ್ರಕಟಿಸಿದರು. 128 ವಿಮರ್ಶೆಗಳಲ್ಲಿ ಅಮೆರಿಕದ ಊಟದ ಚರಿತ್ರೆ ಎಂದು ಅದಕ್ಕೆ ಉಪಶೀರ್ಷಿಕೆ. ದುಬಾರಿ ಹೋಟೆಲುಗಳ ಹೊಗಳಿಕೆ ಬರೆಯುವವರು ಬೇಕಾದಷ್ಟಿದ್ದಾರೆ. ಹೆದ್ದಾರಿ ಬದಿಯ ಹೋಟೆಲಿಗೂ ಫಾಸ್ಟ್‌ಫುಡ್ ಅಂಗಡಿಗೂ ಅಷ್ಟೇ ಶ್ರದ್ಧೆಯಿಂದ ಹೋಗಿ, ಏನು ತಿಂದೆ, ಎಷ್ಟಾಯಿತು ಎಂದು ಬರೆದಿಟ್ಟವರು ಕಡಿಮೆ.