ನಿಮಗಿದು ಗೊತ್ತೇ? ನೀರು ಹೊಸಿಲು ದಾಟುವ ಮುನ್ನ

ಒಂದು ಮಳೆಗಾಲದ ನಡುರಾತ್ರಿ ನಮ್ಮ ಬೀದಿಯ ಮೋರಿ ಮನೆಯೊಳಗೆ ಬಂತು. ಕರೆಂಟಿಲ್ಲ, ಮೊಣಕಾಲುದ್ದ ನೀರು. ಯಾರಿಗೆ ಫೋನ್ ಮಾಡಬೇಕೆಂದು ತೋಚದೆ ನಾನು ಮೊದಲು ಕರೆ ಮಾಡಿದ್ದು ಭಾವಮೈದುನನಿಗೆ. ಅವನಿರುವುದು ಹಾವೇರಿಯಲ್ಲಿ! ‘ಹುಷಾರು ಭಾವ’ ಎಂದು ಹೇಳಿ ಅವನು ಮಗ್ಗುಲು ಬದಲಿಸಿದ. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಬೆಂಗಳೂರಿನಲ್ಲಿ ಆಪತ್ತು ಬಂದರೆ, ಸೂರು ಕಳೆದುಕೊಂಡರೆ ಯಾವ ಕದ ತಟ್ಟಬೇಕು ಎಂಬುದೆಲ್ಲ ಅದರಲ್ಲಿದೆ. ಈ ಸಲದ ಅಂಕಣ ಅದರದ್ದೇ ಪುಟಗಳು.

◆ ಪೊಲೀಸರಿಗೆ 100, ಬೆಂಕಿಗೆ 101 ಎಂದು ಬಾಯಿಪಾಠ ಮಾಡಿದ ತಲೆಮಾರು ನಮ್ಮದು. ಈಗ ಎಲ್ಲಕ್ಕೂ ಒಂದೇ ಸಂಖ್ಯೆ, 112. ಇದನ್ನು ಮೊದಲು ಜಾರಿಗೆ ತಂದ ರಾಜ್ಯ ಹಿಮಾಚಲ ಪ್ರದೇಶ, 2018ರ ನವೆಂಬರ್‌ನಲ್ಲಿ. ಬೆಂಗಳೂರಿನಲ್ಲಿ ಈ ಸಂಖ್ಯೆ ಒತ್ತಿದರೆ ಬಾಗಿಲಿಗೆ ಬರುವ ಪೊಲೀಸ್ ಗಾಡಿಯ ಹೆಸರು ಹೊಯ್ಸಳ. ಹುಲಿಗೆ ಎದುರಾದ ಸಳನ ನೆನಪಿನ ಹೆಸರು ಗಸ್ತಿನ ಗಾಡಿಗೆ ಚೆನ್ನಾಗಿಯೇ ಒಪ್ಪುತ್ತದೆ.

◆ 2017ರ ಜನವರಿ 1ರಿಂದ ದೇಶದಲ್ಲಿ ಮಾರಾಟವಾಗುವ ಮೊಬೈಲುಗಳಲ್ಲಿ ಆಪತ್ತಿನ ಗುಂಡಿ ಇರಲೇಬೇಕು ಎಂಬುದು ಕೇಂದ್ರದ ನಿಯಮ. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಅನ್ನು ಬೇಗಬೇಗ ಮೂರು ಸಲ ಒತ್ತಬೇಕು; ಹಳೆಯ ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಕರೆ 112ಕ್ಕೆ ಹೋಗುತ್ತದೆ. ಓದುತ್ತಿದ್ದಂತೆ ಒತ್ತಿ ನೋಡಲು ಹೋಗಬೇಡಿ, ಆ ಕಡೆ ನಿಜವಾಗಿಯೂ ಒಬ್ಬರು ಎತ್ತಿಕೊಳ್ಳುತ್ತಾರೆ.

◆ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡತೊಡಗಿದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದರ ಪೂರ್ತಿ ಹೆಸರು ‘ಆರೋಗ್ಯ ಕವಚ’.

◆ ಬೆಸ್ಕಾಂ 1912, ಜಲಮಂಡಳಿ 1916, ಪಾಲಿಕೆ 1533. ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567. ಜಿಲ್ಲೆಯ ವಿಪತ್ತು ಕೊಠಡಿ 1077, ರಾಜ್ಯದ್ದು 1070. ಮೊದಲೆರಡರಲ್ಲಿ ಗೊಂದಲವಾಗುವುದು ಸಹಜ. ನನ್ನ ಸೂತ್ರ ಇಷ್ಟೇ: ಮನೆಗೆ ನೀರು ನುಗ್ಗಿದಾಗ ಮೊದಲು ಕರೆಂಟಿನ ಮೇನ್ ತೆಗೆಯಬೇಕಲ್ಲ, ಹಾಗೆ ಕರೆಂಟಿನ 12 ಮೊದಲು, ನೀರಿನ 16 ಆಮೇಲೆ.

◆ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದ್ದೂ ಬೆಂಗಳೂರು ಮುಳುಗುವುದೇಕೆ? ದಿಬ್ಬದ ಮೇಲಿನ ಈ ಊರಿಗೆ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಪೂರ್ವಕ್ಕೆ ಹರಿದರೆ ದಕ್ಷಿಣ ಪಿನಾಕಿನಿ ಸೇರುತ್ತದೆ, ಪಶ್ಚಿಮಕ್ಕೆ ಹರಿದರೆ ವೃಷಭಾವತಿ, ಅರ್ಕಾವತಿಯ ದಾರಿಯಲ್ಲಿ ಕಾವೇರಿ ಸೇರುತ್ತದೆ. ಹರಿಯುವ ದಾರಿಗೆ ಹಿರಿಯರು ರಾಜಕಾಲುವೆ ಎಂದು ಹೆಸರಿಟ್ಟು, ನಡುನಡುವೆ ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕೆರೆ ಕಟ್ಟಿದರು. ನಾವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದೆವು, ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಕಟ್ಟಿದೆವು. ಮೆಜೆಸ್ಟಿಕ್ಕಿನಲ್ಲಿ ನೀರು ನಿಂತರೆ ಅದು ಅತಿಕ್ರಮಣ ಅಲ್ಲ, ತವರಿಗೆ ಬಂದದ್ದು.

◆ ಮನೆ ಬಾಡಿಗೆಗೆ ಹಿಡಿಯುವ ಮುನ್ನ, ಸೈಟು ಕೊಳ್ಳುವ ಮುನ್ನ ಜಾತಕ ನೋಡುವ ಹಾಗೆ ನೋಡಬೇಕಾದ ಒಂದು ಆ್ಯಪ್ ಇದೆ. ಹೆಸರು ದಿಶಾಂಕ್, ಕಂದಾಯ ಇಲಾಖೆಯದ್ದು, ಪುಕ್ಕಟೆ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನೆಲ ಕೆರೆಯದೋ, ಕಾಲುವೆಯದೋ, ಖರಾಬೋ ಎಂಬುದು ಅಲ್ಲಿ ಬಯಲಾಗುತ್ತದೆ. ಜೊತೆಗೆ ಪಕ್ಕದ ಅಂಗಡಿಯ ಮುದುಕರನ್ನೂ ಕೇಳಿ: ‘ಮಳೆ ಬಂದರೆ ಇಲ್ಲಿ ಎಷ್ಟು ನಿಲ್ಲುತ್ತೆ?’ ಇದಕ್ಕೆ ಆ್ಯಪ್ ಬೇಕಿಲ್ಲ. ನಾನು ಕೇಳಿರಲಿಲ್ಲ.

◆ 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ ಸುರಿದದ್ದು 131.6 ಮಿಲಿಮೀಟರ್. ಹೊರವರ್ತುಲ ರಸ್ತೆಯ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸ್ ಕೂಡ ಮುಳುಗಿತು. ಮನೆ ತುಂಬ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಆಪತ್ತಿಗೆ ಕಟ್ಟಿಡುವ ಸಾಮಾನಿನಲ್ಲಿ ಎಲ್ಲಕ್ಕಿಂತ ಮೊದಲು ಕುಡಿಯುವ ನೀರಿನ ಕ್ಯಾನ್ ಇರಬೇಕು ಎನ್ನುವುದು ಇದಕ್ಕೇ.

◆ ಮಳೆಯ ಸುದ್ದಿ ಮನುಷ್ಯರಿಂದಲೇ ಕೇಳಬೇಕೆ? ‘ವರುಣಮಿತ್ರ’ಕ್ಕೆ ಫೋನ್ ಮಾಡಿ: 92433 45433. ಹಗಲು ರಾತ್ರಿ ಕೆಲಸ ಮಾಡುವ ಈ ಸಹಾಯವಾಣಿ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಮಜವೆಂದರೆ ಇಂದು ಮಳೆ ಅಳೆಯುವ ಈ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಬರಗಾಲವನ್ನು ಕಾಯುವುದಕ್ಕೆ. ಬರಕ್ಕೆಂದೇ ಇಂಥದ್ದೊಂದು ಘಟಕ ತೆರೆದ ಮೊದಲ ರಾಜ್ಯ ನಮ್ಮದು. ಗ್ರಾಮ ಪಂಚಾಯಿತಿಗೊಂದರಂತೆ ನೆಟ್ಟ ಇದರ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ನಗರದವರಿಗೆ ‘ಬೆಂಗಳೂರು ಮೇಘಸಂದೇಶ’ ಆ್ಯಪ್ ಇದೆ. ಸಿಡಿಲಿಗೆ ಬೇರೆ, ಪುಣೆಯ ವಿಜ್ಞಾನಿಗಳ ‘ದಾಮಿನಿ’.

◆ 2023ರ ಅಕ್ಟೋಬರ್‌ನಲ್ಲಿ ಒಂದು ದಿನ ರಾಜ್ಯದ ಮೊಬೈಲುಗಳೆಲ್ಲ ಒಟ್ಟಿಗೆ ಅರಚಿಕೊಂಡದ್ದು ನೆನಪಿದೆಯೇ? ಹ್ಯಾಕ್ ಆಯಿತೆಂದು ಎಷ್ಟೋ ಜನ ಬೆಚ್ಚಿದರು. ಅದು ಸೆಲ್ ಪ್ರಸಾರದ ಪರೀಕ್ಷೆ. ಒಂದು ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ನಂಬರ್ ಬೇಕಿಲ್ಲದೆ ಒಂದೇ ಏಟಿಗೆ ಎಚ್ಚರಿಕೆ ತಲುಪಿಸುವ ವಿಧಾನ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ.

◆ ಮೊಣಕಾಲಿಗಿಂತ ಕೆಳಗಿನ ನೀರು, ಒಂದೇ ಅಡಿ, ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ರಭಸದ ನೀರು ದೊಡ್ಡ ಗಾಡಿಯನ್ನೂ ಕೊಚ್ಚಿಕೊಂಡು ಹೋದೀತು. ಅಂಡರ್‌ಪಾಸಿನಲ್ಲಿ ನೀರು ಕಂಡರೆ ಹಿಂದಿನವನು ಎಷ್ಟೇ ಹಾರ್ನ್ ಹೊಡೆಯಲಿ, ನಿಲ್ಲಿಸಿ.

◆ ಹೊಸ ಬಡಾವಣೆಗಳೂ ಆಪತ್ತಿನ ಮಕ್ಕಳೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಇಲಿ ಬಿದ್ದರೆ ಹಿಂದೆಯೇ ಮನುಷ್ಯರೂ ಬೀಳುತ್ತಿದ್ದ ಕಾಲ. ಆಗಲೇ ನಕ್ಷೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿಗಳಿಗೆ ಜನ ಗಂಟುಮೂಟೆ ಕಟ್ಟಿ ಹೊರಟದ್ದು ಅದರ ಭಯಕ್ಕೆ. ಅಲ್ಲಿಯ ಅಗಲವಾದ ಬೀದಿ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿ, ಗಾಳಿಬೆಳಕಿನ ಹಿತ್ತಲು, ಇವೆಲ್ಲ ಬರೀ ಅಂದಕ್ಕೆ ಮಾಡಿದವಲ್ಲ, ಆರೋಗ್ಯದ ಲೆಕ್ಕಾಚಾರ. ದಂಡಿನ ಕಡೆ 1910ರ ಫ್ರೇಜರ್ ಟೌನ್ ಕೂಡ ಪ್ಲೇಗ್ ಸುಳಿಯದಿರಲೆಂದು ಯೋಜಿಸಿದ್ದೇ. ಪ್ಲೇಗ್ ತಡೆಯುವ ಅಧಿಕಾರಿಗಳ ನಡುವೆ ಸುದ್ದಿ ಬೇಗ ಹರಿಯಲೆಂದು ಆಗ ಊರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಇಂದಿನ 112ರ ಮುತ್ತಜ್ಜ ಎನ್ನಿ. ಜನರೂ ತಮ್ಮ ಏರ್ಪಾಡು ತಾವು ಮಾಡಿಕೊಂಡರು, ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು.

◆ ಮನೆ ಬಿದ್ದರೆ ಸರ್ಕಾರ ಎಷ್ಟು ಕೊಡುತ್ತದೆ? 2022–26ರ ಕೇಂದ್ರ ನಿಯಮದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ನೆಲಸಮವಾದ ಮನೆಗೆ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ ರೂಪಾಯಿ. ಶೇ 15ರಷ್ಟಾದರೂ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಗುಡಿಸಿಲಿಗೆ 8,000. ಮನೆ ಮುಳುಗಿ ಹಾಳಾದರೆ ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ ಇನ್ನೊಂದು 2,500. ರಾಜ್ಯಗಳು ಇದರ ಮೇಲೆ ತಮ್ಮ ಕೈಯಿಂದ ಸೇರಿಸಬಹುದು. 2019ರ ನೆರೆಯಲ್ಲಿ ಕರ್ನಾಟಕ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತ್ತು. ಇವತ್ತು 6,500ಕ್ಕೆ ಒಂದು ಗೋಡೆಯ ಗಾರೆಯೂ ಮುಗಿಯುವುದಿಲ್ಲ ಎನ್ನುವುದು ನಿಜ. ಆದರೂ ಬರುವುದನ್ನು ಬಿಡುವುದೇಕೆ? ನಿಯಮದ ಮೂಲೆಯಲ್ಲಿ ಒಂದು ಸಾಲಿದೆ, ಅದನ್ನು ಓದದೆ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ: ಮನೆ ಅಧಿಕೃತ ಕಟ್ಟಡವೆಂದು ಅಧಿಕಾರಿ ದೃಢೀಕರಿಸಬೇಕು. ಹಾನಿಗೂ ಸಾಕ್ಷಿ ಬೇಕು: ನೀರು ಇಳಿದ ಕೂಡಲೇ ಗುಡಿಸಿ ಸಾರಿಸುವ ಮುನ್ನ ಗೋಡೆಯ ನೀರಿನ ಗೆರೆಯ ಫೋಟೋ ತೆಗೆದಿಡಿ.

◆ ಕಾಗದಪತ್ರ ನೆನೆದು ಮುದ್ದೆಯಾದರೆ ಅಳುವ ಕಾಲ ಮುಗಿಯಿತು. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಯೇ ಕೊಟ್ಟ ದಾಖಲೆಗೆ ಮೂಲಪ್ರತಿಯಷ್ಟೇ ಮಾನ್ಯತೆ. ನಮ್ಮ ಮನೆಯಲ್ಲಿ ಪಡಿತರ ಚೀಟಿ, ಮಗಳ ಅಂಕಪಟ್ಟಿ ಎಲ್ಲ ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಭದ್ರವಾಗಿರಲಿ ಎಂದು.

◆ ಮನೆ ಕರದ ರಸೀದಿಯನ್ನು ಕೊನೆಯವರೆಗೆ ಓದಿದ್ದೀರಾ? ಬೆಂಗಳೂರಿನ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯಕ್ಕೆ, ಶೇ 3 ಭಿಕ್ಷುಕರ ಉಪಕರ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೂಸು ಇದು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುವುದು ಈ ದುಡ್ಡಿನಲ್ಲಿ. ಸಿಗ್ನಲ್ಲಿನಲ್ಲಿ ಗಾಜು ಏರಿಸಿದವರೂ ವರ್ಷಕ್ಕೊಮ್ಮೆ ಕೊಟ್ಟೇ ಇರುತ್ತಾರೆ.

◆ ಒಂದು ಲಕ್ಷ ನಗರವಾಸಿಗಳಿಗೆ ಒಂದರಂತೆ, ಹಗಲು ರಾತ್ರಿ ತೆರೆದಿರುವ ರಾತ್ರಿ ತಂಗುದಾಣ ಇರಬೇಕು. ಒಳಗೆ ತಲೆಗೆ 50 ಚದರ ಅಡಿ ಜಾಗ. ಬೀದಿಯಲ್ಲಿ ಮಲಗುವವರ ಬಗ್ಗೆ ಸುಪ್ರೀಂ ಕೋರ್ಟು ಕಣ್ಣು ಕೆಂಪಾಗಿಸಿದ ಮೇಲೆ ಬಂದ ಅಳತೆ ಇದು. ಹೊಟ್ಟೆಗೆ? 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10.

◆ ಸ್ವಂತ ಮನೆಗೆ ನೆರವು ಬೇಕೆಂದರೆ ಎಲ್ಲರೂ ‘ಹೌಸಿಂಗ್ ಬೋರ್ಡ್’ ಎನ್ನುತ್ತಾರೆ. ಕದಗಳು ಬೇರೆ ಬೇರೆ. ಕೊಳೆಗೇರಿಯವರಿಗೆ ಶೇಷಾದ್ರಿಪುರದ ಕೊಳಗೇರಿ ಅಭಿವೃದ್ಧಿ ಮಂಡಳಿ. ಬಡವರ ಮನೆ ಯೋಜನೆಗಳಿಗೆ ಕಾವೇರಿ ಭವನದ ರಾಜೀವ್ ಗಾಂಧಿ ವಸತಿ ನಿಗಮ, 2000ದಲ್ಲಿ ಹುಟ್ಟಿದ್ದು. ಸೈಟಿಗೆ ಬಿಡಿಎ, ಹಳಬರ ಬಾಯಲ್ಲಿ ಇನ್ನೂ ಅದು ಸಿಐಟಿಬಿ. ಕೇಂದ್ರದ ನಗರ ಆವಾಸ್ ಯೋಜನೆಯ ಎರಡನೆಯ ಸುತ್ತು 2024ರ ಸೆಪ್ಟೆಂಬರ್ 1ರಿಂದ ನಡೆದಿದೆ. ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಆರ್ಥಿಕ ದುರ್ಬಲ ವರ್ಗ. ಮಿತಿ 9 ಲಕ್ಷದವರೆಗೂ ಇದೆ. ದೇಶದಲ್ಲಿ ಎಲ್ಲಿಯೂ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು.

◆ ಬಾಡಿಗೆ ಕರಾರು ಏಕೆ 11 ತಿಂಗಳು? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಒಂದು ತಿಂಗಳು ಕಡಿಮೆ ಬರೆದರೆ ಕಚೇರಿ ಅಲೆತ ತಪ್ಪಿತು. ಕೇಂದ್ರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿದರೆ ಉಂಟು. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದ ನಮ್ಮ ಊರಿನ ಓನರ್‌ಗಳ ಮುಂದೆ ಈ ಮಾತು ಎತ್ತಿ ನೋಡಿ.

◆ ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಪೊಲೀಸರಿಗೆ ಹೆದರಬೇಕಿಲ್ಲ. ಹಾಗೆ ನೆರವಾದವರನ್ನು ಕಾಪಾಡಲು ದೇಶದಲ್ಲೇ ಮೊದಲು ಪ್ರತ್ಯೇಕ ಕಾಯ್ದೆ ಮಾಡಿದ್ದು ಕರ್ನಾಟಕ, 2016ರಲ್ಲಿ. ಅದೇ ವರ್ಷ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ತರುಣನೊಬ್ಬ ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದಿದ್ದ. ಅವನ ಹೆಸರಿನ ಹರೀಶ್ ಸಾಂತ್ವನ ಯೋಜನೆಯಲ್ಲಿ ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರದ ಹೊಣೆ ಎಂದಾಯಿತು. ಕೇಂದ್ರವೂ 2025ರ ಮೇನಲ್ಲಿ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗಿನ ನಗದುರಹಿತ ಚಿಕಿತ್ಸೆ ತಂದಿದೆ.

◆ 2005ರ ವಿಪತ್ತು ಕಾಯ್ದೆ ಜಿಲ್ಲೆಗೊಂದು ಪ್ರಾಧಿಕಾರ ಕೊಟ್ಟಿತ್ತು. 2025ರ ತಿದ್ದುಪಡಿ ರಾಜಧಾನಿಗಳಿಗೂ ಮಹಾನಗರ ಪಾಲಿಕೆಗಳಿಗೂ ತಮ್ಮದೇ ನಗರ ವಿಪತ್ತು ಪ್ರಾಧಿಕಾರ ಮಾಡಿಕೊಳ್ಳಲು ದಾರಿ ತೆರೆದಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆ ಒಂದಿದ್ದದ್ದು ಐದಾಯಿತು. ನಿಮ್ಮ ಮನೆ ಯಾವುದರಲ್ಲಿದೆ ಎಂದು ನೀರು ಬರುವ ಮೊದಲೇ ತಿಳಿದುಕೊಳ್ಳಿ. ಪಕ್ಕದ ಪಾಲಿಕೆಯವರು ‘ಇದು ನಮ್ಮ ಗಡಿಯಲ್ಲ’ ಎಂದಾರು.

◆ ನಗರದ ಅಗ್ನಿಶಾಮಕ ದಳದ ಬಳಿ ಫಿನ್ಲೆಂಡಿನಿಂದ ತಂದ 90 ಮೀಟರ್ ಏಣಿ ಇದೆ. ಅದು ಟ್ರಾಫಿಕ್ಕಿನಲ್ಲಿ ನಿಮ್ಮ ಬೀದಿಗೆ ಬಂದು, ಮೇಲಿನ ತಂತಿಗಳ ಬಲೆ ದಾಟಿ ಎದ್ದು ನಿಲ್ಲುವವರೆಗೆ ನಿಮ್ಮ ಪಾಲಿಗೆ ಇರುವುದು ಮೆಟ್ಟಿಲು ಮಾತ್ರ. 2010ರ ಫೆಬ್ರವರಿ 23ರಂದು ಹಳೇ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ದೊಡ್ಡದಿರಲಿಲ್ಲ, ಹೊಗೆ ದೊಡ್ಡದಿತ್ತು. ಹೊರದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದರು. ಸತ್ತವರು ಒಂಬತ್ತು ಮಂದಿ. ಪತ್ರಿಕೆ ಮಡಚಿಟ್ಟ ಮೇಲೆ ಒಮ್ಮೆ ಎದ್ದು ನಿಮ್ಮ ಕಟ್ಟಡದ ಎರಡನೇ ಮೆಟ್ಟಿಲ ಕಡೆ ಹೋಗಿ ನೋಡಿ. ಅಲ್ಲಿ ಹಳೇ ಸೋಫಾ, ಒಡೆದ ಸೈಕಲ್ಲು, ಗ್ಯಾಸ್ ಸಿಲಿಂಡರ್ ಇದ್ದರೆ ಇವತ್ತೇ ತೆಗೆಸಿ. ಬಾಗಿಲಿಗೆ ಬೀಗ ಇದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ.