ಇಳಿದ ತೂಕ, ಇಳಿಬಿದ್ದ ಕೆನ್ನೆ

ಅಕ್ಕ 14 ತಿಂಗಳಲ್ಲಿ 24 ಕೆ.ಜಿ. ಇಳಿಸಿದಳು. ಮಂಡಿನೋವು ಹೋಯಿತು, ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧಕ್ಕಿಳಿಯಿತು, ಮೂರನೇ ಮಹಡಿಗೆ ಲಿಫ್ಟ್ ಬೇಡವಾಯಿತು. ಅಷ್ಟರಲ್ಲಿ ನೆಂಟರ ಮದುವೆ ಬಂತು. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವರಿಂದ ಹಿಡಿದು ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರವರೆಗೆ ಎಲ್ಲರದೂ ಒಂದೇ ಮಾತು: ‘ಏನಾಯ್ತೇ ನಿಂಗೆ? ಮುಖವೆಲ್ಲ ಬತ್ತಿಹೋಗಿದೆ, ಹುಷಾರಾಗಿದ್ದೀಯ ತಾನೆ?’ ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತು ಎರಡು ಬೆರಳಲ್ಲಿ ಕೆನ್ನೆಯನ್ನು ಕಿವಿಯತ್ತ ಎಳೆದು ಹಿಡಿದಳು. ‘ಇಷ್ಟು ಕಷ್ಟಪಟ್ಟದ್ದು ಇದಕ್ಕಾ?’ ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವಳೊಂದಿಗೆ ವೈದ್ಯರ ಬಳಿ ಅಲೆದಾಡುತ್ತ, ಓದುತ್ತ, ಕೇಳುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕನ್ನಡಿ ನೋಡುವವರು ಈಗ ಮನೆಮನೆಯಲ್ಲೂ ಇದ್ದಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಊಟ ಕಟ್ಟುನಿಟ್ಟು ಮಾಡಿ ಇಳಿಸಿದವರು ಮೊದಲೂ ಇದ್ದರು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ವಾರಕ್ಕೊಂದು ಚುಚ್ಚುಮದ್ದಿನವರೂ ಸೇರಿಕೊಂಡಿದ್ದಾರೆ. ವೆಗೋವಿಯ ಮೂಲದ್ರವ್ಯ ಸೆಮಗ್ಲುಟೈಡ್. 68 ವಾರಗಳ ದೊಡ್ಡ ಪರೀಕ್ಷೆಯೊಂದರಲ್ಲಿ ಅದನ್ನು ತೆಗೆದುಕೊಂಡವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು. ಅದೇ ಔಷಧಿಯ ಇನ್ನೊಂದು ಹೆಸರಾದ ಒಜೆಂಪಿಕ್ ಅನ್ನು ಹಿಡಿದು ಅಮೆರಿಕದ ಜನ ಬತ್ತಿದ ಮುಖಕ್ಕೆ ‘ಒಜೆಂಪಿಕ್ ಫೇಸ್’ ಎಂದೇ ಹೆಸರಿಟ್ಟರು. ಹೆಸರು ಹಾಗಿದ್ದರೂ ಚುಚ್ಚುಮದ್ದು ಮುಖವನ್ನೇ ಹುಡುಕಿಕೊಂಡು ಹೋಗಿ ಕರಗಿಸುವುದಿಲ್ಲ. ಯಾವ ದಾರಿಯಲ್ಲೇ ಆಗಲಿ, ಬೇಗ ಬೇಗ ಬಹಳ ತೂಕ ಇಳಿದರೆ ಮುಖ ಹೀಗೆಯೇ ಸೋಲುತ್ತದೆ.

ಮುಖವೇ ಏಕೆ ಮೊದಲು ಸಿಕ್ಕಿಬೀಳುತ್ತದೆ? 2007ರಲ್ಲಿ ಅಮೆರಿಕದ ರೋರಿಚ್ ಮತ್ತು ಪೆಸ್ಸಾ ಎಂಬ ಇಬ್ಬರು ಶಸ್ತ್ರವೈದ್ಯರು ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಎಲ್ಲೆಲ್ಲಿ ಹರಡಿ ಎಲ್ಲಿ ನಿಲ್ಲುತ್ತದೆಂದು ನೋಡಿದರು. ಚರ್ಮದಡಿಯ ಕೊಬ್ಬು ಒಂದೇ ಹಾಸಿಗೆಯಂತೆ ಹರಡಿಕೊಂಡಿಲ್ಲ, ಗೋಡೆ ಕಟ್ಟಿದ ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂತಿದೆ ಎಂಬುದು ಆಗ ಸ್ಪಷ್ಟವಾಯಿತು. ಕಣ್ಣಿನ ಕೆಳಗೊಂದು, ಕೆನ್ನೆಗೆ ಮೂರು, ದವಡೆಗೆ ಒಂದು. ತೂಕ ಇಳಿದಾಗ ಈ ಕೋಣೆಗಳು ಬರಿದಾಗುತ್ತವೆ, ಮೇಲೆ ಹೊದಿಸಿದ ಚರ್ಮ ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಕೆನ್ನೆಯ ಮೇಲ್ಭಾಗ ಬರಿದಾದರೆ ಅಲ್ಲಿನ ಚರ್ಮ ಕೆಳಕ್ಕೆ ಸರಿದು ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ, ದವಡೆಯಂಚಿನಲ್ಲಿ ಪುಟ್ಟ ಜೋಲು ಮೂಡುತ್ತದೆ, ಗಲ್ಲದಡಿ ಎರಡು ಹಗ್ಗ ಎದ್ದು ನಿಲ್ಲುತ್ತವೆ.

ಚರ್ಮ ಕುಗ್ಗಿ ಹೊಸ ಅಳತೆಗೆ ಹೊಂದಿಕೊಳ್ಳಬೇಕಾದರೆ ಅದರೊಳಗಿನ ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳು ಗಟ್ಟಿಯಾಗಿರಬೇಕು. ಇಪ್ಪತ್ತೈದರ ಹುಡುಗಿಯ ಚರ್ಮ ತಾನೇ ಬಿಗಿದುಕೊಂಡೀತು. ಯೌವನ ದಾಟಿದ ಮೇಲೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಂತೆ ಕರಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಸುಮಾರು ಶೇ 30ರಷ್ಟು ಹೋಗಿಬಿಡುತ್ತದೆ. ಬಿಸಿಲು, ಬೀಡಿ ಸಿಗರೇಟು, ಮತ್ತೆ ಮತ್ತೆ ತೂಕ ಏರಿಸಿ ಇಳಿಸಿದ ಇತಿಹಾಸ, ಇವೂ ಲೆಕ್ಕಕ್ಕೆ ಸೇರುತ್ತವೆ. ಅಕ್ಕನಿಗೆ 51.

ನಾವು ಕಂಡ ಮೊದಲ ವೈದ್ಯೆ ಅವಳ ಕೈಗೊಂದು ಪುಟ್ಟ ಕನ್ನಡಿ ಕೊಟ್ಟು ಮಂಚದ ಮೇಲೆ ಅಂಗಾತ ಮಲಗಿಸಿದರು. ಮಲಗಿದಾಗ ಭೂಮಿಯ ಸೆಳೆತ ಚರ್ಮವನ್ನು ಕಿವಿಯತ್ತ ಎಳೆಯುತ್ತದೆ. ಆಗ ಮುಖ ಚೊಕ್ಕವಾಗಿ, ಹತ್ತು ವರ್ಷ ಹಿಂದಿನಂತೆ ಕಂಡರೆ ತೊಂದರೆ ಇರುವುದು ಚರ್ಮದ ಸಡಿಲದಲ್ಲಿ. ಮಲಗಿದರೂ ಕಣತಲೆ, ಕಣ್ಣಡಿ, ಕೆನ್ನೆಯ ಗುಳಿ ಹಾಗೇ ಉಳಿದರೆ ತೊಂದರೆ ಇರುವುದು ಬರಿದಾದ ಕೊಬ್ಬಿನಲ್ಲಿ. ಅಕ್ಕನ ಕುತ್ತಿಗೆ ಸರಿಹೋಯಿತು, ಕೆನ್ನೆಯ ಗುಳಿ ಹೋಗಲಿಲ್ಲ. ಜೋಲುವುದು ಬೇರೆ, ಬತ್ತುವುದು ಬೇರೆ. ಎರಡಕ್ಕೂ ಮದ್ದು ಬೇರೆ ಬೇರೆ. ಬತ್ತಿದ ಮುಖವನ್ನು ಎಳೆದು ಕಟ್ಟಿದರೆ ಬುರುಡೆಯಂತೆ ಕಾಣುತ್ತದೆ, ಜೋತ ಮುಖಕ್ಕೆ ತುಂಬುತ್ತ ಹೋದರೆ ಊದಿಕೊಂಡಂತೆ ಕಾಣುತ್ತದೆ. ಹಣ ಕಳೆದುಕೊಂಡು ನೊಂದವರಲ್ಲಿ ಹೆಚ್ಚಿನವರು ಈ ಎರಡನ್ನು ಬೇರ್ಪಡಿಸಿ ನೋಡದೆ ಹೋದವರು ಎಂಬುದು ನನ್ನ ಅನಿಸಿಕೆ. ಪರೀಕ್ಷೆಗೆ ಬೇಕಾದದ್ದು ಒಂದು ಮಂಚ, ಒಂದು ಕನ್ನಡಿ, ಎರಡು ನಿಮಿಷ. ಮನೆಯಲ್ಲೇ ಮಾಡಿನೋಡಬಹುದು.

ಆಮೇಲೆ ಆ ವೈದ್ಯೆ ಹೇಳಿದ್ದು ಅಕ್ಕನಿಗೆ ರುಚಿಸಲಿಲ್ಲ: ‘ತೂಕ ಒಂದು ಕಡೆ ನಿಲ್ಲಲಿ, ಆರು ತಿಂಗಳು ಬಿಟ್ಟು ಬನ್ನಿ.’ ಇಳಿಯುತ್ತಿರುವ ತೂಕದ ಮೇಲೆ ಮುಖ ತಿದ್ದಿಸಿಕೊಂಡರೆ ಮುಂದಿನ ಐದು ಕೆ.ಜಿ.ಗೆ ಅದು ಮತ್ತೆ ಹಳಿ ತಪ್ಪುತ್ತದೆ. ಕಾಯುವ ತಿಂಗಳುಗಳು ಪೋಲಾಗುವುದೂ ಇಲ್ಲ. ಮುಖ ತಾನಾಗಿ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ದಿನವೂ ಸಾಕಷ್ಟು ಬೇಳೆ, ಕಾಳು, ಮೊಸರು, ಮೊಟ್ಟೆ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ, ಬಿಸಿಲಿಗೆ ಹೊರಡುವ ಮುನ್ನ ಸನ್‌ಸ್ಕ್ರೀನ್ ಎಂದು ಬರೆದುಕೊಟ್ಟರು. ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಹಸಿವೇ ಇರುವುದಿಲ್ಲ, ತಿನ್ನುವ ನಾಲ್ಕು ತುತ್ತು ಅನ್ನ ಸಾರಿನಲ್ಲೇ ಮುಗಿದುಹೋಗುತ್ತದೆ. ಅವರು ಪ್ರೋಟೀನಿನ ಕಡೆ ಎಲ್ಲರಿಗಿಂತ ಹೆಚ್ಚು ಗಮನ ಕೊಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಇದನ್ನು ತಮ್ಮ ವೈದ್ಯರನ್ನು ಕೇಳಿಯೇ ಮಾಡಬೇಕು.

ಕ್ರೀಮುಗಳ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ರಾತ್ರಿ ಹಚ್ಚುವ ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್‌ಗಳು ತಿಂಗಳುಗಟ್ಟಲೆ ಬಳಸಿದರೆ ಚರ್ಮದ ಗುಣವನ್ನು ನಿಜಕ್ಕೂ ಸುಧಾರಿಸುತ್ತವೆ. ಗರ್ಭಿಣಿಯರು ಹಚ್ಚುವಂತಿಲ್ಲ. ಜೋತ ಚರ್ಮವನ್ನು ಮೇಲೆತ್ತುವ ಕ್ರೀಮು ಇಲ್ಲ. ಮುಖದ ವ್ಯಾಯಾಮದ ಬಗ್ಗೆ 2018ರಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಒಂದು ಪುಟ್ಟ ಅಧ್ಯಯನ ಬಂತು. 20 ವಾರ ಅಭ್ಯಾಸ ಮುಗಿಸಿದ 16 ಹೆಂಗಸರ ಕೆನ್ನೆ ತುಸು ತುಂಬಿಕೊಂಡಿತ್ತು. ಅದು ಕೆನ್ನೆಯ ಸ್ನಾಯು ಬೆಳೆದು ಬಂದ ತುಂಬು ಇರಬಹುದು. ಖರ್ಚಿಲ್ಲದ ಕೆಲಸ, ಮಾಡಬಯಸುವವರು ಮಾಡಬಹುದು.

ಬತ್ತಿದ ಕೆನ್ನೆ ತುಂಬುವ ಚುಚ್ಚುಮದ್ದೊಂದು ಎಲ್ಲಿಂದ ಬಂತೆಂದು ತಿಳಿದಾಗ ನನ್ನ ಮನಸ್ಸು ಕಲಕಿತು. ಎಚ್‌ಐವಿಯ ಆರಂಭದ ಔಷಧಿಗಳಲ್ಲಿ ಕೆಲವು, ಮುಖ್ಯವಾಗಿ ಸ್ಟಾವುಡಿನ್, ರೋಗಿಯ ಜೀವ ಉಳಿಸಿದರೂ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿದ್ದವು. 2004ರಲ್ಲಿ ನಮ್ಮ ದೇಶದಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ ಮೊದಲ ಸಾಲಿನಲ್ಲಿ ಕೊಟ್ಟದ್ದೂ ಅದೇ ಔಷಧಿ, ಕರ್ನಾಟಕ ಆಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಒಂದು. ಬದುಕಿ ಉಳಿದವರ ಕಾಯಿಲೆಯನ್ನು ಅವರ ಗುಳಿಬಿದ್ದ ಕೆನ್ನೆಯೇ ಬಸ್ಸಿನಲ್ಲಿ, ಸಂತೆಯಲ್ಲಿ, ಕೆಲಸದ ಜಾಗದಲ್ಲಿ ಹೇಳಿಬಿಡುತ್ತಿತ್ತು. ಅದೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ಕಲ್ಪ್ಟ್ರಾ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು, ಅದೂ ಎಚ್‌ಐವಿಯಿಂದ ಕೆನ್ನೆ ಬತ್ತಿದವರಿಗೆಂದೇ. ಸೌಂದರ್ಯಕ್ಕಾಗಿ ಬಳಸಲು ಒಪ್ಪಿಗೆ ಸಿಕ್ಕಿದ್ದು ಐದು ವರ್ಷ ಕಳೆದ ಮೇಲೆ. ಮುಖ ತಿದ್ದಿಸಿಕೊಳ್ಳುವುದೆಲ್ಲ ಶೋಕಿ ಎಂದು ತಿಳಿದಿದ್ದ ನಾನು ಅಂದಿನಿಂದ ಆ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಸ್ಕಲ್ಪ್ಟ್ರಾದಲ್ಲಿರುವುದು ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲದ ಸಣ್ಣ ಕಣಗಳು. ಅವು ಚರ್ಮದಡಿ ಕೂತು ದೇಹದಿಂದಲೇ ಹೊಸ ಕೊಲಾಜೆನ್ ಬರಿಸುತ್ತವೆ. ಹೆಪ್ಪು ಹಾಕಿದಂತೆ ನಿಧಾನದ ಕೆಲಸ. ಎರಡು ಮೂರು ಸಲ ಚುಚ್ಚಿಸಿ, ತಿಂಗಳುಗಳು ಕಾದು, ಬಂದ ಫಲ ಸುಮಾರು ಎರಡು ವರ್ಷ ನಿಲ್ಲುತ್ತದೆ. ಹಯಲುರಾನಿಕ್ ಆಮ್ಲದ ಫಿಲ್ಲರ್ ಅಂದೇ ತುಂಬಿ ಕಾಣುತ್ತದೆ, ಬೇಡವೆನಿಸಿದರೆ ಹಯಲುರಾನಿಡೇಸ್ ಚುಚ್ಚಿ ಕರಗಿಸಲೂ ಬರುತ್ತದೆ. ಮೊದಲ ಸಲ ಹೋಗುವವರು ಹಿಂದಿರುಗಲು ಬರುವ ಈ ದಾರಿಯಲ್ಲೇ ಹೋಗಲಿ ಎಂದು ನನ್ನ ಸಲಹೆ. ಶಾಶ್ವತವೆಂದು ಮಾರುವ ಫಿಲ್ಲರ್‌ಗಳು ಬೇಡ, ಮುಖ ಮುಂದೆಯೂ ಬದಲಾಗುತ್ತದೆ, ಅವು ಬದಲಾಗುವುದಿಲ್ಲ. ಹೊಟ್ಟೆಯಿಂದಲೋ ತೊಡೆಯಿಂದಲೋ ತಮ್ಮದೇ ಕೊಬ್ಬು ತೆಗೆದು ಕೆನ್ನೆಗೆ ಹಾಕಿಸಿಕೊಳ್ಳುವುದೂ ಉಂಟು. ಅದರಲ್ಲಿ ಒಂದು ಪಾಲು ಮಾತ್ರ ಬದುಕಿ ಉಳಿಯುತ್ತದೆ, ತೂಕ ಏರಿಳಿದರೆ ಅದೂ ಏರಿಳಿಯುತ್ತದೆ.

ಫಿಲ್ಲರ್‌ನ ಅಪಾಯವನ್ನು ಮರೆಮಾಚಬಾರದು. ಸೂಜಿ ತಪ್ಪಿ ರಕ್ತನಾಳಕ್ಕೆ ಹೋದರೆ ಆ ಭಾಗದ ಚರ್ಮ ಸಾಯಬಹುದು, ಬಹಳ ಅಪರೂಪವಾಗಿ ಕಣ್ಣೇ ಹೋಗಬಹುದು. ಚುಚ್ಚಿದ ಕೂಡಲೇ ಚರ್ಮ ಬಿಳಿಚಿಕೊಂಡರೆ, ತಡೆಯಲಾಗದ ನೋವು ಬಂದರೆ, ದೃಷ್ಟಿ ಮಂಕಾದರೆ ನಿಮಿಷಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಬ್ಯೂಟಿ ಪಾರ್ಲರಿನಲ್ಲಿ ಇದಕ್ಕೆಲ್ಲ ಏನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಚರ್ಮರೋಗದಲ್ಲಿ ಎಂ.ಡಿ. ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರನ್ನೇ ಹುಡುಕಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು 2007ರ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅದರ ಪ್ರಮಾಣಪತ್ರ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ 21ರ ಕಿರುತೆರೆ ನಟಿಯೊಬ್ಬಳು ತೀರಿಕೊಂಡ ಸುದ್ದಿ ಓದಿದ ಮೇಲಂತೂ, ಕೇಳಲು ನಾಚಿಕೊಳ್ಳುವ ಅಕ್ಕನ ಪರವಾಗಿ ನಾನೇ ಕೇಳುತ್ತೇನೆ.

ಇನ್ನು ಜೋತ ಚರ್ಮ. ಸ್ವಲ್ಪ ಸಡಿಲವಿದ್ದರೆ ಕಾವು ಕೊಡುವ ಯಂತ್ರಗಳಿವೆ. ರೇಡಿಯೋ ತರಂಗವೋ ಕೇಂದ್ರೀಕರಿಸಿದ ಅಲ್ಟ್ರಾಸೌಂಡೋ ಚರ್ಮದಾಳವನ್ನು 60 ಡಿಗ್ರಿಯ ಆಚೀಚೆ ಬಿಸಿ ಮಾಡಿದಾಗ ಹಳೆಯ ಕೊಲಾಜೆನ್ ಮುದುಡುತ್ತದೆ, ಮೂರರಿಂದ ಆರು ತಿಂಗಳಲ್ಲಿ ಹೊಸದು ಹುಟ್ಟುತ್ತದೆ. ಲೇಸರಿನಂತೆ ಇವು ಚರ್ಮದ ಬಣ್ಣವನ್ನು ಗುರಿಯಿಡದ ಕಾರಣ ನಮ್ಮ ಕಂದು ಚರ್ಮದಲ್ಲಿ ಕಪ್ಪು ಕಲೆ ಉಳಿಯುವ ಭಯ ಕಡಿಮೆ. ಆದರೆ ಫಲ ಸಾಧಾರಣ, 25 ಕೆ.ಜಿ. ಇಳಿಸಿದ ಮುಖಕ್ಕೆ ಸಾಲುವುದು ಅಪರೂಪ. ಅದಕ್ಕಿಂತ ಮುಖ್ಯವಾಗಿ, ಈ ಕಾವು ಉಳಿದಿರುವ ಕೊಬ್ಬನ್ನೂ ಕರಗಿಸಬಹುದು. ಮೊದಲೇ ಬತ್ತಿದ ಕೆನ್ನೆಗೆ ಅದು ಇನ್ನೊಂದು ಪೆಟ್ಟು. ಸೂಜಿಯ ಮೂಲಕ ರೇಡಿಯೋ ತರಂಗ ಕೊಡುವ ಯಂತ್ರಗಳಿಂದ ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ನರಕ್ಕೆ ಪೆಟ್ಟು ಆದ ದೂರುಗಳ ಬಗ್ಗೆ ಅಮೆರಿಕದ ನಿಯಂತ್ರಣ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಕರಗುವ ದಾರದಲ್ಲಿ ಚರ್ಮ ಎತ್ತಿ ಕಟ್ಟುವ ಥ್ರೆಡ್ ಲಿಫ್ಟ್ ಸಾಮಾನ್ಯವಾಗಿ ಕೆಲವು ತಿಂಗಳ ಮಾತು, ಭಾರಿ ಸಡಿಲಕ್ಕೆ ಅದು ನಿಲ್ಲುವುದಿಲ್ಲ.

ಜೋಲು ಬಹಳವಿದ್ದಾಗ ಉಳಿಯುವುದು ಫೇಸ್‌ಲಿಫ್ಟ್. ಬರೀ ಚರ್ಮ ಎಳೆದು ಹೊಲಿಯುವ ಕಾಲ ಹೋಯಿತು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೇರೋನಿ ಚರ್ಮದಡಿಯ ನಾರುಪದರವೊಂದನ್ನು ವಿವರಿಸಿದರು. ಅಂದಿನಿಂದ ಭಾರ ಹೊರುವ ಕೆಲಸವನ್ನು ಆ ಪದರಕ್ಕೆ ವಹಿಸುತ್ತಾರೆ, ಚರ್ಮವನ್ನು ಅದರ ಮೇಲೆ ಬಿಗಿಯಿಲ್ಲದೆ ಹಾಸಿ ಹೆಚ್ಚಾದದ್ದನ್ನು ಮಾತ್ರ ಕತ್ತರಿಸುತ್ತಾರೆ. ತೂಕ ಇಳಿಸಿದವರಿಗೆ ಅದರ ಜೊತೆಗೇ ಕೆನ್ನೆಗೆ ಕೊಬ್ಬನ್ನೂ ತುಂಬಬೇಕಾಗುತ್ತದೆ. ಅವರ ಚರ್ಮದ ಎಳೆಗಳು ಹಿಗ್ಗಿ ಸೋತಿರುವುದರಿಂದ ಕೆಲವು ವರ್ಷಗಳಲ್ಲಿ ಮತ್ತೆ ಒಂದಿಷ್ಟು ಸಡಿಲವಾಗುತ್ತದೆ ಎಂಬುದನ್ನು ಮೊದಲೇ ಹೇಳುವ ವೈದ್ಯರನ್ನು ನಂಬಬಹುದು. ಕಿವಿಯ ಸುತ್ತ ಗೆರೆ, ಎರಡು ವಾರ ಬಾವು, ಕೆಲವು ತಿಂಗಳು ಕಿವಿಯ ಬಳಿ ಜೋಮು. ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಡಕು. ಮುಖದ ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೂ ಆದೀತು. ಸಿಗರೇಟು ಬಿಡದವರಿಗೆ ಗಾಯ ಸರಿಯಾಗಿ ಕೂಡದಿರಬಹುದು. ಗಾಯ ದಪ್ಪಗಟ್ಟುವ ಮೈಯವರು ಅದನ್ನು ಮೊದಲೇ ಹೇಳಬೇಕು. ತೂಕದ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಆ ಔಷಧಿಯಿಂದ ಹೊಟ್ಟೆ ಬರಿದಾಗುವುದು ನಿಧಾನ, ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಕಬ್ಬಿಣಾಂಶ, ಬಿ12, ಪ್ರೋಟೀನ್ ಮಟ್ಟ ನೋಡಿಸಿಕೊಂಡೇ ಮುಂದುವರಿಯಬೇಕು. ಸೌಂದರ್ಯಕ್ಕೆಂದು ಮಾಡಿಸಿಕೊಳ್ಳುವ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಇಡೀ ಖರ್ಚು ಕೈಯಿಂದಲೇ.

ವೈದ್ಯೆ ಆರು ತಿಂಗಳು ಕಾಯಲು ಹೇಳಿದರೆ ಅಕ್ಕ ಎಂಟು ತಿಂಗಳು ಕಾದಳು. ತೂಕ 67ರಲ್ಲಿ ನಿಂತಿತು. ಅಷ್ಟರಲ್ಲಿ ಕೆನ್ನೆಯ ಗುಳಿ ತುಸು ಕಡಿಮೆಯಾಗಿತ್ತು, ಅವಳು ಒಪ್ಪದಿದ್ದರೂ ನನಗೆ ಕಾಣುತ್ತಿತ್ತು. ಕಣತಲೆಗೂ ಕೆನ್ನೆಯ ಮೇಲ್ಭಾಗಕ್ಕೂ ಎರಡು ಸಲ ಫಿಲ್ಲರ್ ಹಾಕಿಸಿಕೊಂಡಳು, ವೈದ್ಯೆ ಸಾಕೆಂದಲ್ಲಿಗೆ ಸಾಕು ಮಾಡಿದಳು. ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಿಲ್ಲದೆ ಬೇರೆ ದಾರಿಯಿಲ್ಲ ಎಂದು ಶಸ್ತ್ರವೈದ್ಯರೊಬ್ಬರು ಹೇಳಿದಾಗ ಯೋಚಿಸಿ ಹೇಳುತ್ತೇನೆಂದು ಎದ್ದು ಬಂದಳು. ಬಸ್ಸಿನಲ್ಲಿ ಕೂತು, ‘ಕುತ್ತಿಗೆ ಇರಲಿ ಬಿಡೆ, ಅಮ್ಮನದೂ ಹೀಗೇ ಇತ್ತಲ್ಲ’ ಎಂದಳು. ಮಾರನೆಯ ದಿನ ಫೋನು ಮಾಡಿ ಆ ಶಸ್ತ್ರವೈದ್ಯರ ನಂಬರು ಕೇಳಿದಳು. ಕೊಟ್ಟಿದ್ದೇನೆ. ಇನ್ನೂ ಕರೆ ಮಾಡಿಲ್ಲ.