ಕಿರುವಿಮಾನಗಳ ಕಮ್ಮಟ

ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಒಂದಕ್ಕೊಂದು ಬೆಸೆದು, ಬಣ್ಣ ಬಳಿದು, ಹಿಂದೊಮ್ಮೆ ನಿಜವಾಗಿಯೂ ಹಾರಾಡಿದ ವಿಮಾನವೊಂದರ ಪ್ರಮಾಣಬದ್ಧವಾದ ಪ್ರತಿಕೃತಿಯನ್ನು ಮೇಜಿನ ಮೇಲೆ ನಿಲ್ಲಿಸುವ ವಿದ್ಯೆಯನ್ನು ಬಾಲಕ್ರೀಡೆಯೆಂದು ಬಗೆಯುವವರು ನಮ್ಮಲ್ಲಿ ವಿರಳರಲ್ಲ. ಆದರೆ ಅದು ತಲೆಯೆತ್ತಿದ ಇಂಗ್ಲೆಂಡಿನಲ್ಲಿಯೂ, ಅದಕ್ಕೆ ಪರಮ ನಯವನ್ನು ತಂದುಕೊಟ್ಟ ಜಪಾನಿನಲ್ಲಿಯೂ ತಲೆ ನರೆತ ಗೃಹಸ್ಥರು ತಮ್ಮ ಭಾನುವಾರಗಳನ್ನು ಇದಕ್ಕೆಂದೇ ಮೀಸಲಿಡುವುದುಂಟು. 1936ರಲ್ಲಿ ಫ್ರಾಗ್ ಸಂಸ್ಥೆಯವರು ‘ಪೆಂಗ್ವಿನ್’ ಎಂಬ ಹೆಸರಿನಿಂದ ಹೊರತಂದ ಕಿಟ್‌ಗಳಲ್ಲಿ ಪ್ಲಾಸ್ಟಿಕ್ ವಿಮಾನಗಳ ಈ ಪರಂಪರೆ ಮೊದಲಾಯಿತು. 1953ರಲ್ಲಿ ಬಂದ ಏರ್‌ಫಿಕ್ಸ್‌ನ ಸ್ಪಿಟ್‌ಫೈರ್ ಅದನ್ನು ಸಾಮಾನ್ಯರ ಮನೆಗೆ ಮುಟ್ಟಿಸಿತು. ಆ ಏರ್‌ಫಿಕ್ಸ್‌ನ ಕಿಟ್‌ಗಳು ಈ ಶತಮಾನದಲ್ಲಿ ಕೆಲವು ವರ್ಷ ಭಾರತದಲ್ಲಿಯೇ ತಯಾರಾಗುತ್ತಿದ್ದುವೆಂಬುದನ್ನು ನಮ್ಮವರಲ್ಲಿ ಬಲ್ಲವರು ಕಡಮೆ. ಟಾಮಿಯಾ, ಹಸೆಗಾವಾ ಎಂಬ ಹೆಸರಾಂತ ಸಂಸ್ಥೆಗಳೆರಡೂ ಜಪಾನಿನ ಶಿಜುವೊಕಾ ಎಂಬ ಒಂದೇ ಪ್ರಾಂತದವು. ಪ್ರಚಲಿತವಾದ ಅನುಪಾತಗಳಲ್ಲಿ ಹೊಸಬರಿಗೆ ಒದಗುವುದು 1:72; ಅದರಲ್ಲಿ ಆರು ಅಡಿ ಒಂದು ಅಂಗುಲಕ್ಕೆ ಇಳಿಯುವುದರಿಂದ, ಸುಮಾರು ಮೂವತ್ತೇಳು ಅಡಿಯ ಸ್ಪಿಟ್‌ಫೈರ್‌ನ ರೆಕ್ಕೆಹರವು ಆರು ಅಂಗುಲಕ್ಕೆ ತುಸು ಮಿಕ್ಕಿ ಅಂಗೈಯಲ್ಲಿ ನಿಲ್ಲುತ್ತದೆ.

ಈ ವಿದ್ಯೆಗೆ ಹೊಸದಾಗಿ ಕೈಹಚ್ಚಿದವನು ಒಂದು ವಿಮಾನವನ್ನು ಮುಗಿಸುವ ಮೊದಲೇ ಮತ್ತೆರಡು ಪೆಟ್ಟಿಗೆಗಳನ್ನು ಬಿಚ್ಚಿ ಕುಳಿತಿರುವುದು ಎಲ್ಲೆಡೆಯೂ ಕಾಣುವ ನೋಟ. ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬ ನಾಣ್ನುಡಿಯನ್ನು ಹಿರಿಯರು ಆಗ ತಪ್ಪದೆ ನೆನಪಿಸುತ್ತಾರೆ. ನನಗೇನೋ ಆ ನಾಣ್ನುಡಿ ಇಲ್ಲಿ ಅನ್ವಯಿಸದೆಂದೇ ತೋರುತ್ತದೆ. ಏಕೆಂದರೆ ಈ ಕೆಲಸದಲ್ಲಿ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು. ಸಿಮೆಂಟೆಂದು ಕರೆಯುವ ದ್ರಾವಕವು ಪ್ಲಾಸ್ಟಿಕ್ಕಿನ ಅಂಚುಗಳನ್ನೇ ಕರಗಿಸಿ ಬೆಸೆಯುವುದರಿಂದ ಆ ಬೆಸುಗೆ ಪೂರ್ತಿಯಾಗಿ ಗಟ್ಟಿಯಾಗುವ ಪರ್ಯಂತ ಉಜ್ಜುಕಾಗದವನ್ನು ಮುಟ್ಟಿಸುವಂತಿಲ್ಲ. ಸಂದಿಗೆ ತುಂಬಿದ ಪುಟ್ಟಿ ಒಣಗಿ ಕುಗ್ಗುವುದಕ್ಕೆ ಮುಂಚೆ ಅದನ್ನು ಸಮಮಾಡಿದರೆ ಮರುದಿನ ಅದೇ ಸ್ಥಳದಲ್ಲಿ ತಗ್ಗು. ಎನಾಮೆಲ್ ಬಣ್ಣದ ಮೇಲೆ ಇನ್ನೊಂದು ಬಣ್ಣವನ್ನು ಹಚ್ಚಬೇಕಾದರೆ ಒಂದು ಹಗಲು ಒಂದು ರಾತ್ರಿಯಾದರೂ ಕಳೆಯಬೇಕು. ಮೇಜಿನ ಮೇಲೆ ಒಂದೇ ವಿಮಾನವಿದ್ದವನು ಈ ವಿರಾಮಗಳನ್ನು ಸಹಿಸಲಾರದೆ, ಒಣಗಿತೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿ, ಹಸಿಬಣ್ಣದ ಮೇಲೆ ತನ್ನ ಬೆರಳಿನ ಗುರುತನ್ನು ಶಾಶ್ವತವಾಗಿ ಉಳಿಸುತ್ತಾನೆ. ಪಕ್ಕದಲ್ಲಿ ಎರಡನೆಯದೊಂದಿದ್ದರೆ ಆ ಕೈ ಅತ್ತ ತೊಡಗುತ್ತದೆ.

ಆದರೆ ಆ ಎರಡನೆಯದು ಯಾವುದಾಗಿರಬೇಕೆಂಬುದರಲ್ಲಿ ವಿವೇಕ ಬೇಕು. 1940ರ ಬ್ರಿಟನ್ನಿನ ವಾಯುಸಮರದಲ್ಲಿ ಜೊತೆಜೊತೆಯಾಗಿ ಹೋರಾಡಿದ ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳಿಗಿಂತ ಉತ್ತಮವಾದ ಜೋಡಿಯನ್ನು ನಾನು ಕಾಣೆ. ಮೊದಲನೆಯದು ಮಿಚೆಲ್‌ನ ಕಲ್ಪನೆ, ಎರಡನೆಯದು ಸಿಡ್ನಿ ಕ್ಯಾಮ್‌ನದು. ಎರಡಕ್ಕೂ ರೋಲ್ಸ್ ರಾಯ್ಸ್‌ನ ಮರ್ಲಿನ್ ಯಂತ್ರ. ಎರಡಕ್ಕೂ ಮೇಲ್ಮೈಯಲ್ಲಿ ಕಡುಹಸುರು ಮತ್ತು ಮಣ್ಣುಗಂದು, ಆ ಬೇಸಗೆಯಿಂದ ಅಡಿಭಾಗದಲ್ಲಿ ‘ಸ್ಕೈ’ ಎಂಬ ಎಳೆಹಸುರು ಛಾಯೆ. ಚಾಲಕನ ಕುಳಿಗೆ ಒಂದೇ ಬಗೆಯ ಬೂದುಹಸುರು. ಆದಕಾರಣ ಒಮ್ಮೆ ತೆರೆದ ಡಬ್ಬಿಯಿಂದ, ಒಮ್ಮೆ ತೊಳೆದ ಕುಂಚದಿಂದ, ಎರಡರ ಕೆಲಸವೂ ಸಾಗುತ್ತದೆ. ಇದು ಮಿತವ್ಯಯದ ಮಾತಾಯಿತು. ಕಲಿಕೆಯ ಲಾಭ ಅದಕ್ಕಿಂತ ದೊಡ್ಡದು. ಸ್ಪಿಟ್‌ಫೈರ್‌ನ ಒಡಲು ಲೋಹದ ನುಣುಪು; ಹರಿಕೇನ್‌ನ ಹಿಂಭಾಗವಾದರೋ ಬಟ್ಟೆ ಹೊದಿಸಿದ್ದಾದ್ದರಿಂದ ಕಿಟ್‌ನಲ್ಲಿಯೂ ಉದ್ದುದ್ದನೆಯ ಏಣುಗಳು ಎದ್ದಿರುತ್ತವೆ, ಬಿರುಸಾಗಿ ಉಜ್ಜಿದರೆ ಅವು ಅಳಿದೇ ಹೋಗುತ್ತವೆ. ಸ್ಪಿಟ್‌ಫೈರ್‌ನ ಗಾಲಿಗಾಲುಗಳು ಹೊರಕ್ಕೆ ಮಡಚುವುದರಿಂದ ಅದರ ನಿಲುವು ಇಕ್ಕಟ್ಟು, ಹರಿಕೇನ್‌ನವು ಒಳಕ್ಕೆ ಮಡಚುವುದರಿಂದ ಅದರದು ಅಗಲವಾದ ನಿಲುವು. ಒಂದನ್ನೇ ಕಟ್ಟಿದವನು ನಕಾಶೆಯ ಅಂಕಿಗಳನ್ನು ಅನುಸರಿಸುತ್ತಾನೆ. ಎರಡನ್ನೂ ಎದುರುಬದುರಾಗಿಟ್ಟು ಕಟ್ಟಿದವನಿಗೆ ಇಬ್ಬರು ಶಿಲ್ಪಿಗಳ ಮನೋಧರ್ಮ ಗೋಚರವಾಗುತ್ತದೆ.

ಎರಡೂ ಒಂದೇ ಘಟ್ಟದಲ್ಲಿ ಸಾಗಬೇಕಾಗಿಲ್ಲ. ಒಂದು ಹೆಜ್ಜೆ ಹಿಂದುಮುಂದಾಗಿದ್ದರೇ ಲೇಸು. ಕುಳಿಯ ಒಳಗನ್ನು ಮೊದಲು ಬಣ್ಣಿಸಿ ತರುವಾಯ ಒಡಲಿನ ಎರಡು ಹೋಳುಗಳನ್ನು ಮುಚ್ಚತಕ್ಕದ್ದೆಂಬುದನ್ನೂ, ಸೂಪರ್‌ಗ್ಲೂವಿನ ಆವಿಯಿಂದ ಪಾರದರ್ಶಕವಾದ ಮೇಲ್ಮುಚ್ಚಳ ಮಂಜುಗಟ್ಟುವುದೆಂಬುದನ್ನೂ, ಹೊಳಪಿನ ವಾರ್ನಿಷ್ ಇಲ್ಲದ ಒರಟು ಮೈಗೆ ಡೀಕಾಲ್ ಎಂಬ ಗುರುತಿನ ಹಾಳೆಯನ್ನು ಅಂಟಿಸಿದರೆ ಅದರಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುವುದೆಂಬುದನ್ನೂ ಮುಂದಿನ ವಿಮಾನದಿಂದ ಕಲಿತು ಹಿಂದಿನದನ್ನು ಉಳಿಸಿಕೊಳ್ಳಬಹುದು.

ಅಪಾಯಗಳೂ ಇಲ್ಲದಿಲ್ಲ. ಎರಡು ಪೆಟ್ಟಿಗೆಗಳ ಗಾಲಿಗಳು ಬೆರೆತರೆ ಬಿಡಿಸುವುದು ದುಸ್ತರ. ಆದ್ದರಿಂದ ಆಯಾ ಪೆಟ್ಟಿಗೆಯ ಮುಚ್ಚಳವೇ ಆಯಾ ವಿಮಾನದ ತಟ್ಟೆಯಾಗಲಿ, ಬೇಕಾಗುವ ಕ್ಷಣದವರೆಗೆ ಯಾವ ಭಾಗವನ್ನೂ ಅದರ ಸ್ಪ್ರೂ ಎಂಬ ಚೌಕಟ್ಟಿನಿಂದ ಕತ್ತರಿಸದಿರಲಿ. ಮೂರನೆಯದಾಗಿ ಮೆಸ್ಸರ್‌ಸ್ಮಿಟ್ 109ನ್ನು ತರುವ ಆಸೆ ಸಹಜವೇ, ಶತ್ರುವಿಲ್ಲದೆ ಸಮರವೆಲ್ಲಿ! ಆದರೆ ಅದರ ಬಣ್ಣಗಳೆಲ್ಲ ಬೇರೆ. ಡಬ್ಬಿಗಳು ಇಮ್ಮಡಿಯಾಗುತ್ತವೆ, ಗಮನ ಚೆದರುತ್ತದೆ. ಹೀಗೆ ಅರ್ಧಕ್ಕೆ ನಿಂತ ವಿಮಾನಗಳು ಸೇರುವ ಹಲಗೆಗೆ ಇಂಗ್ಲಿಷಿನ ಹವ್ಯಾಸಿಗಳು ‘ಶೆಲ್ಫ್ ಆಫ್ ಡೂಮ್’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಗೆ ಹೋದವು ಹಿಂದಿರುಗುವುದು ಅಪರೂಪ.

ಆದುದರಿಂದ ಹೊಸಬರು ಎರಡನ್ನು ನಿಶ್ಚಿಂತೆಯಿಂದ ಒಟ್ಟಿಗೆ ಕೈಗೊಳ್ಳಲಿ. ಅಂಗಡಿಯಲ್ಲಿ ಮನಸೋತು ಮೂರನೆಯ ಪೆಟ್ಟಿಗೆಯನ್ನು ಕೊಂಡು ತಂದರೂ, ಮೊದಲಿನೆರಡರಲ್ಲಿ ಒಂದಾದರೂ ತನ್ನ ಗಾಲಿಗಳ ಮೇಲೆ ನಿಲ್ಲುವ ತನಕ ಅದರೊಳಗಿನ ಚೀಲವನ್ನು ಹರಿಯದಿರಲಿ.